ಪ್ರಯಾಣಕ್ಕೆ ಚಿಕ್ಕ ಬ್ಯಾಂಜೊ, ಬಜೆಟ್ 300 ಡಾಲರ್, ನಾನು ಪೂರ್ತಿ ಹೊಸಬ. ಯಾವುದು ತಗೊಳ್ಳಲಿ?

ಕ್ಯಾರಿ ಕಾಫಿ

ಎಲ್ಲರಿಗೂ ನಮಸ್ಕಾರ. ಊರು ಚಿಕ್ಕಮಗಳೂರು, ಈಗ ಇರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಪಕ್ಕದ ರಾಲಿಯಲ್ಲಿ 2024ರವರೆಗೆ ಬ್ಲೂಗ್ರಾಸ್ ಅನ್ನುವ ಅಮೆರಿಕದ ಹಳ್ಳಿಗಾಡಿನ ಸಂಗೀತದ ದೊಡ್ಡ ಹಬ್ಬ ನಡೆಯುತ್ತಿತ್ತು. ಕೊನೆಯ ವರ್ಷ ಸುಮ್ನೆ ನೋಡೋಣ ಅಂತ ಹೋದೆ. ಬೀದಿ ಮೂಲೆಯಲ್ಲಿ ಒಬ್ಬ ಅಜ್ಜ ಕಣ್ಣು ಮುಚ್ಚಿಕೊಂಡು ಬ್ಯಾಂಜೊ ನುಡಿಸುತ್ತಿದ್ದರು. ಮುಕ್ಕಾಲು ಗಂಟೆ ಅಲ್ಲೇ ನಿಂತಿದ್ದೆ. ಅವತ್ತು ಹತ್ತಿದ ಹುಚ್ಚು ಇನ್ನೂ ಇಳಿದಿಲ್ಲ.

ಕೆಲಸದ ಮೇಲೆ ತಿಂಗಳಿಗೆ ಎರಡು ಸಲ ವಿಮಾನ ಹತ್ತುತ್ತೇನೆ. ವರ್ಷಕ್ಕೊಮ್ಮೆ ಒಂದು ತಿಂಗಳು ಊರಿಗೆ ಹೋಗುತ್ತೇನೆ. ಸಂಜೆ ಹೋಟೆಲ್ ರೂಮಿನಲ್ಲಿ ಕೂತು ಕಲಿಯುವುದು ಅಂತ ಲೆಕ್ಕ. ಅದಕ್ಕೇ ಚಿಕ್ಕದು ಬೇಕು. ಆನ್‌ಲೈನ್‌ನಲ್ಲಿ ಮಿನಿ, ಟ್ರಾವೆಲರ್, ಪಾರ್ಲರ್, ಬ್ಯಾಂಜೊಲೆಲೆ ಅಂತ ಏನೇನೋ ಹೆಸರು. ಕೆಲವಕ್ಕೆ ನಾಲ್ಕು ತಂತಿ, ಕೆಲವಕ್ಕೆ ಐದು. ತಲೆ ಕೆಟ್ಟಿದೆ. ಸಂಗೀತದ ಹಿನ್ನೆಲೆ ಅಂದರೆ ಶಾಲೆಯಲ್ಲಿ ಎರಡು ವರ್ಷ ಕೊಳಲು, ಅಷ್ಟೇ. ದಾರಿ ತೋರಿಸಿ.

ಹುಬ್ಬಳ್ಳಿ ಹುಡುಗ

ಅಣ್ಣಾ, ಇದಕ್ಕೆ ಅಮೆರಿಕ ಯಾಕೆ? ನಮ್ಮ ಕಡೆ ಗಣಪತಿ ಮೆರವಣಿಗೆಯಲ್ಲಿ ಬ್ಯಾಂಜೊ ಪಾರ್ಟಿಯವರು ನುಡಿಸ್ತಾರಲ್ಲ, ಟೈಪ್‌ರೈಟರ್ ಥರ ಬಟನ್ ಇರೋದು, ಅದೇ ತಗೊಳ್ಳಿ. ತೊಡೆ ಮೇಲೆ ಇಟ್ಟುಕೊಂಡು ನುಡಿಸಬಹುದು. ಬೆಲೆಯೂ ಕಡಿಮೆ.

ಐದನೇ ತಂತಿ

ಹುಬ್ಬಳ್ಳಿಯವರು ಹೇಳುತ್ತಿರುವುದು ಬುಲ್‌ಬುಲ್ ತರಂಗ್. ನಮ್ಮಲ್ಲಿ ಅದಕ್ಕೂ ಬ್ಯಾಂಜೊ ಅಂತಲೇ ಹೆಸರು ಬಿದ್ದಿದೆ, ಆದರೆ ಎರಡಕ್ಕೂ ನಂಟಿಲ್ಲ. ಅದರ ಮೂಲ ಜಪಾನಿನ ತೈಶೋಗೋತೊ. 1912ರಲ್ಲಿ ನಗೋಯಾದಲ್ಲಿ ಹುಟ್ಟಿದ ವಾದ್ಯ. ಕ್ಯಾರಿಯವರು ಕೇಳುತ್ತಿರುವ ಬ್ಯಾಂಜೊ ಬೇರೆಯೇ ದಾರಿಯಲ್ಲಿ ಬಂದದ್ದು. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದ ಜನ ಕೆರಿಬಿಯನ್ ದ್ವೀಪಗಳಲ್ಲಿ, ಅಮೆರಿಕದಲ್ಲಿ ತಮ್ಮ ನೆನಪಿನಿಂದ ಕಟ್ಟಿಕೊಂಡ ಸೋರೆ ಬುರುಡೆಯ ವಾದ್ಯ ಅದು. ಸೆನೆಗಲ್, ಗ್ಯಾಂಬಿಯಾದ ಜೋಲಾ ಜನರ ಅಕೊಂಟಿಂಗ್ ನೋಡಿದರೆ ಸಾಕು, ಗಿಡ್ಡ ತಂತಿ, ತೊಗಲಿನ ಮುಚ್ಚಿಗೆ, ಉದ್ದ ಕೋಲು ಎಲ್ಲ ಅಲ್ಲೇ ಇದೆ.

ಹೆಸರಿನ ಗೊಂದಲ ಬರೀ ತಮಾಷೆಯಲ್ಲ. ಊರಿನಲ್ಲಿ ಕೂತು ಆನ್‌ಲೈನ್‌ನಲ್ಲಿ "ಬ್ಯಾಂಜೊ" ಅಂತ ಹುಡುಕಿದರೆ ಬಟನ್ ಪೆಟ್ಟಿಗೆಯೂ ಬರುತ್ತದೆ. ನನ್ನ ತಮ್ಮ ಹಾಗೇ ತರಿಸಿಕೊಂಡು, ಈಗ ಅದನ್ನೇ ಚೆನ್ನಾಗಿ ನುಡಿಸುತ್ತಾನೆ!

ಉಳಿದ ಉತ್ತರ ರಾತ್ರಿ ಬರೆಯುತ್ತೇನೆ. ಅಲ್ಲಿಯವರೆಗೆ ಏನೂ ಕೊಳ್ಳಬೇಡಿ.

ಸೂಟ್‌ಕೇಸ್ ಸಂಗೀತ

ಕೊಳ್ಳಬೇಡಿ ಅನ್ನೋದು ಯಾಕೆ? ನನ್ನ ಹತ್ತಿರ ಮಿನಿ ಇದೆ, ಗೋಲ್ಡ್ ಟೋನ್ ಕಂಪನಿಯದು, ಐದು ತಂತಿ. ನಾಲ್ಕು ವರ್ಷದಿಂದ ಎಲ್ಲಿಗೆ ಹೋದರೂ ಜೊತೆಗಿದೆ. ತುಂಬಾ ಮುದ್ದಾಗಿದೆ. ತಗೊಳ್ಳಿ, ಯೋಚನೆ ಬೇಡ.

ಐದನೇ ತಂತಿ

ಬಂದೆ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ತಂದುಕೊಳ್ಳಿ.

ಮೊದಲು ತಂತಿ. ನೀವು ರಾಲಿಯಲ್ಲಿ ಕೇಳಿದ್ದು ಹೆಚ್ಚುಕಮ್ಮಿ ಐದು ತಂತಿಯ ಬ್ಯಾಂಜೊನೇ. ನಾಲ್ಕು ತಂತಿಯ ಟೆನರ್ ಬ್ಯಾಂಜೊ ಐರಿಷ್ ಹಾಡುಗಳಿಗೆ, ಹಳೆಯ ಜಾಝ್‌ಗೆ. ಅದನ್ನು ಪ್ಲೆಕ್ಟ್ರಮ್‌ನಿಂದ, ಅಂದರೆ ಬೆರಳಲ್ಲಿ ಹಿಡಿಯುವ ಚಪ್ಪಟೆ ಬಿಲ್ಲೆಯಿಂದ, ಮೀಟುತ್ತಾರೆ. ಅದರ ಕುತ್ತಿಗೆ ಗಿಡ್ಡ, 17 ಅಥವಾ 19 ಮೆಟ್ಟು (ಫ್ರೆಟ್), ಹಾಗಾಗಿ "ಚಿಕ್ಕದು ಬೇಕು" ಅಂದವರಿಗೆ ಅಂಗಡಿಯವರು ಅದನ್ನೇ ಕೈಗೆ ಕೊಟ್ಟುಬಿಡುತ್ತಾರೆ. ಅಜ್ಜನ ಸದ್ದು ಅದರಲ್ಲಿ ಬರುವುದಿಲ್ಲ. ಬ್ಯಾಂಜೊಲೆಲೆ ಅಂದರೆ ಬ್ಯಾಂಜೊ ಹೊಟ್ಟೆಯ ಯುಕುಲೆಲೆ. ಮುದ್ದಾದ ವಾದ್ಯ, ಆದರೆ ಅದರಲ್ಲಿ ಕಲಿತದ್ದು ಯುಕುಲೆಲೆ ಪಾಠ.

ಈಗ ಅಳತೆ. ಮಾಮೂಲಿ ಐದು ತಂತಿಯದರಲ್ಲಿ ಮೇಲಿನ ನಟ್‌ನಿಂದ (ತಲೆಯ ಬುಡದಲ್ಲಿ ತಂತಿ ಕೂರುವ ಪಟ್ಟಿ) ಕುದುರೆಯವರೆಗೆ (ಬ್ರಿಜ್) ಸುಮಾರು 26¼ ಇಂಚು. 22 ಮೆಟ್ಟು. ತುದಿಯಿಂದ ತುದಿಗೆ ಮೂರಡಿಗಿಂತ ಒಂಚೂರು ಜಾಸ್ತಿ. ಶ್ರುತಿ ಓಪನ್ ಜಿ, ಅಂದರೆ ಏನೂ ಒತ್ತದೆ ಮೀಟಿದಾಗ ಐದನೆಯದರಿಂದ ಒಂದನೆಯದಕ್ಕೆ ಜಿ-ಡಿ-ಜಿ-ಬಿ-ಡಿ.

ವಾದ್ಯ ಗಿಡ್ಡ ಆದಾಗ ಏನಾಗುತ್ತದೆ ಅನ್ನುವುದನ್ನು ಜಾಹೀರಾತಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ದೊಡ್ಡ ಬ್ಯಾಂಜೊದ ಐದನೇ ಮೆಟ್ಟಿಗೆ ಕ್ಯಾಪೊ (ಎಲ್ಲ ತಂತಿ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿದಿರಿ ಅಂದುಕೊಳ್ಳಿ. ಉಳಿಯುವ ತಂತಿ ಸುಮಾರು 19¾ ಇಂಚು. ಮಿನಿ ಬ್ಯಾಂಜೊ ಅಂದರೆ ಹೆಚ್ಚುಕಡಿಮೆ ಇಷ್ಟೇ. ಕ್ಯಾಪೊ ಹಾಕಿದಾಗ ಶ್ರುತಿ ಜಿ ಬಿಟ್ಟು ಸಿ ಆಗುತ್ತದೆ ಅಲ್ವಾ? ಮಿನಿಯೂ ಹಾಗೇ. ಅದನ್ನು ಸಿ ಶ್ರುತಿಯಲ್ಲಿ ಇಟ್ಟರೆ ತಂತಿ ಬಿಗಿಯಾಗಿ, ಖಣಖಣ ಅನ್ನುತ್ತದೆ. ಅದೇ ತಂತಿ ಹಾಕಿ ಜಿಗೆ ಇಳಿಸಿದರೆ ಬಿಗಿ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಒಣಗಲು ಹಾಕಿದ ಬಟ್ಟೆ ಹಗ್ಗದ ಥರ ಜೋಲು. ಒತ್ತಿದ ಕಡೆ ಸ್ವರ ತಪ್ಪುತ್ತದೆ. ಹೊಸಬರು "ನನಗೆ ಬರ್ತಿಲ್ಲ" ಅಂತ ಬಿಟ್ಟುಬಿಡುವುದು ಇಂಥ ಕಡೆ. ತಪ್ಪು ಅವರದ್ದಲ್ಲ.

ಜಿ ಬೇಕೇ ಬೇಕು ಅಂದರೆ ದಪ್ಪ ತಂತಿ ಹಾಕಬಹುದು. 10ರ (ಅಂದರೆ ಇಂಚಿನ ಸಾವಿರದಲ್ಲಿ ಹತ್ತು ಪಾಲು ದಪ್ಪ) ಜಾಗದಲ್ಲಿ 13. ನಡೆಯುತ್ತದೆ, ಆದರೆ ಸದ್ದು ಸ್ವಲ್ಪ ಮಂಕು.

ಇವೆರಡರ ನಡುವೆ ಒಂದು ಅಳತೆ ಇದೆ, ಎ-ಸ್ಕೇಲ್. ಸುಮಾರು 23½ ಇಂಚು. ದೊಡ್ಡದರ ಎರಡನೇ ಮೆಟ್ಟಿಗೆ ಕ್ಯಾಪೊ ಹಾಕಿದಷ್ಟು. ನಮ್ಮ ಕಡೆ ಓಲ್ಡ್-ಟೈಮ್ ಜ್ಯಾಮ್‌ಗಳಲ್ಲಿ, ಅಂದರೆ ಹಳೆಯ ಜನಪದ ರಾಗಗಳನ್ನು ಎಲ್ಲರೂ ಕೂತು ಒಟ್ಟಿಗೆ ನುಡಿಸುವ ಕಡೆ, ಪಿಟೀಲಿನವರು ಎ ಮತ್ತು ಡಿ ಶ್ರುತಿ ಬಿಟ್ಟು ಕದಲುವುದೇ ಕಡಿಮೆ. ಎ-ಸ್ಕೇಲ್‌ಗೆ ಕ್ಯಾಪೊ ಇಲ್ಲದೆ ಎರಡೂ ಸಿಗುತ್ತವೆ. ಜಿಗೆ ಇಳಿಸಿದರೂ ತೀರಾ ಜೋಲಾಗುವುದಿಲ್ಲ. ನನಗೆ ಕೇಳಿದರೆ ಪ್ರಯಾಣಕ್ಕೆ ಸರಿಯಾದ ಅಳತೆ ಇದೇ. ಕಷ್ಟ ಏನೆಂದರೆ 300 ಡಾಲರಿಗೆ ಸುಲಭವಾಗಿ ಸಿಗುವುದಿಲ್ಲ.

ಸೂಟ್‌ಕೇಸ್ ಸಂಗೀತ

ಎಲ್ಲ ಸರಿ ಸ್ವಾಮಿ, ಆದರೆ ಅವರು ಜ್ಯಾಮಿಗೆ ಹೋಗುತ್ತೇನೆ ಅಂದರಾ? ಹೋಟೆಲ್ ರೂಮಿನಲ್ಲಿ ಒಬ್ಬರೇ ಕೂತು ನುಡಿಸುವವರಿಗೆ ಸಿ ಆದರೇನು, ಜಿ ಆದರೇನು? ನಾನು ಸಿಯಲ್ಲೇ ಇಟ್ಟಿದ್ದೇನೆ. ಹಾಡುವುದಕ್ಕೆ ನನಗೆ ಅದೇ ಸರಿ.

ಐದನೇ ತಂತಿ

ಒಬ್ಬರೇ ನುಡಿಸುವುದಾದರೆ ನಿಮ್ಮ ಮಾತಿಗೆ ಎದುರಿಲ್ಲ. ಆದರೆ ಅವರು ಹೊಸಬರು. ವೀಡಿಯೊ ಪಾಠದಲ್ಲಿ ಮೇಷ್ಟ್ರು ಜಿಯಲ್ಲಿ ಮೀಟುತ್ತಾರೆ, ಇವರ ಕೈಯಲ್ಲಿ ಸಿ ಕೇಳುತ್ತದೆ. ಜೊತೆಗೆ ನುಡಿಸಲು ಆಗುವುದಿಲ್ಲ. ಮೊದಲ ಆರು ತಿಂಗಳು ಕಲಿಯುವುದೇ ಜೊತೆಗೆ ನುಡಿಸಿ.

ವೀಣೆ ಕಲಿತವಳು

ನಾನು ಸ್ಯಾನ್ ಹೋಸೆಯಿಂದ. ಬ್ಯಾಂಜೊ ಬರುವುದಿಲ್ಲ, ಆದರೆ ಒಂದು ವಿಷಯ ಕೇಳಿ ಖುಷಿಯಾಯಿತು. ಜಿ-ಡಿ-ಜಿ-ಬಿ-ಡಿ ಅಂದರೆ ಜಿಯನ್ನು ಷಡ್ಜ ಮಾಡಿಕೊಂಡರೆ ಸ-ಪ-ಸ-ಗ-ಪ ಅಲ್ವಾ? ಆ ಗಿಡ್ಡ ಐದನೇ ತಂತಿ ಮೇಲಿನ ಸ. ನಮ್ಮ ವೀಣೆಯಲ್ಲಿ ಪಕ್ಕದ ಮೂರು ತಾಳದ ತಂತಿಗಳನ್ನು ಕಿರುಬೆರಳಲ್ಲಿ ಮೀಟುತ್ತೇವೆ. ಇವರು ಹೆಬ್ಬೆರಳಲ್ಲಿ ಮೀಟುತ್ತಾರೆ. ಕೆಲಸ ಒಂದೇ, ಶ್ರುತಿ ಬಿಡದೆ ಹಿಡಿದುಕೊಳ್ಳುವುದು. ಪುಟ್ಟ ವಾದ್ಯದಲ್ಲಿ ಆ ಐದನೇ ತಂತಿ ಉಳಿಯುತ್ತದಾ?

ಐದನೇ ತಂತಿ

ಉಳಿಯುತ್ತದೆ. ಐದು ತಂತಿಯ ಮಿನಿಯಲ್ಲೂ ಅದು ಐದನೇ ಮೆಟ್ಟಿನ ಹತ್ತಿರ ಶುರು. ನೀವು ಹೇಳಿದ ಲೆಕ್ಕ ಸರಿಯಾಗಿದೆ. ಈ ಅಪಲೇಚಿಯನ್ ಬೆಟ್ಟದ ಕಡೆಯ ಹಳೆಯ ರಾಗಗಳು ಎಷ್ಟೋ ಐದೇ ಸ್ವರದಲ್ಲಿ ಓಡುತ್ತವೆ, ನಮ್ಮ ಕಿವಿಗೆ ಥೇಟ್ ಮೋಹನ. ಬೇಲಾ ಫ್ಲೆಕ್ ಝಾಕಿರ್ ಹುಸೇನ್ ಜೊತೆ ವರ್ಷಗಟ್ಟಲೆ ಬ್ಯಾಂಜೊ ನುಡಿಸಿದರು. 2024ರಲ್ಲಿ ಇಬ್ಬರಿಗೂ ಒಟ್ಟಿಗೆ ಗ್ರ್ಯಾಮಿ ಬಂತು. ಕೇಳಿ ನೋಡಿ.

ಮರಗೆಲಸ

ಬಜೆಟ್ ಬಗ್ಗೆ ಯಾರೂ ಮಾತಾಡ್ತಿಲ್ಲ. ನಾನು ಮಾತಾಡ್ತೇನೆ, ಯಾಕೆಂದರೆ ಪೆಟ್ಟು ತಿಂದವನು.

ಮೊದಲ ಬ್ಯಾಂಜೊ ಆನ್‌ಲೈನ್‌ನಲ್ಲಿ ತರಿಸಿದ್ದೆ, 140 ಡಾಲರ್. ಚೀಲ, ಟ್ಯೂನರ್, ಪುಸ್ತಕ, ತಂತಿ ಎಲ್ಲ "ಉಚಿತ". ವಾದ್ಯ ಮಾತ್ರ ಉಚಿತಕ್ಕೂ ದುಬಾರಿ. ಐದನೇ ಬಿರಡೆ ಗೇರ್ ಇಲ್ಲದ್ದು, ಬರೀ ಉಜ್ಜಾಟದ ಮೇಲೆ ನಿಲ್ಲುವುದು. ಒಂದು ಹಾಡು ಮುಗಿಯುವಷ್ಟರಲ್ಲಿ ಜಾರಿ ಶ್ರುತಿ ಕೆಳಗೆ. ಸ್ಕ್ರೂ ಬಿಗಿ ಮಾಡಿದರೆ ತಿರುಗಲ್ಲ, ಸಡಿಲ ಬಿಟ್ಟರೆ ನಿಲ್ಲಲ್ಲ. ಮಾರಿದವರಿಗೆ ಬರೆದರೆ "ಅದರ ಸ್ವಭಾವವೇ ಹಾಗೆ" ಅಂತ ಉತ್ತರ!

ಆಮೇಲೆ ಗೇರಿನ ಬಿರಡೆ ನಾನೇ ಕೂರಿಸಿದೆ. ಹಾಗಾಗಿ ಮೊದಲು ನೋಡಬೇಕಾದದ್ದು ಅದು. ಎರಡನೆಯದು ಕುತ್ತಿಗೆ. ತುದಿಯಿಂದ ಕಣ್ಣು ಹಾಯಿಸಿ, ತಿರುಚಿದ್ದರೆ ಮುಟ್ಟಬೇಡಿ. ಹೆಡ್, ಅದೇ ಮುಚ್ಚಿಗೆ, ಎಷ್ಟು ಕೊಕ್ಕೆಗಳಲ್ಲಿ ಬಿಗಿದಿದ್ದಾರೆ ಅನ್ನುವುದಕ್ಕೆ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಹದಿನಾರಿದ್ದರೂ ಸಾಕು, ಎಲ್ಲ ಒಂದೇ ಸಮ ಬಿಗಿಯಾಗಿದ್ದರೆ ಆಯಿತು. ಹೆಬ್ಬೆರಳಲ್ಲಿ ಒತ್ತಿದಾಗ ಮೆತ್ತಗೆ ಕುಸಿದರೆ ಸಡಿಲ ಅಂತ ಅರ್ಥ. ಇದು ಕೆಟ್ಟದ್ದಲ್ಲ, ಸ್ಪ್ಯಾನರ್ ಹಿಡಿದು ಅರ್ಧ ಗಂಟೆ ಕೂತರೆ ಸರಿಯಾಗುತ್ತದೆ. ಮೃದಂಗಕ್ಕೆ ಕಲ್ಲಿನಿಂದ ಬಡಿದು ಶ್ರುತಿ ಕೂರಿಸಿದಷ್ಟು ಕಷ್ಟ ಇಲ್ಲ. ಒಂದೊಂದು ಕೊಕ್ಕೆ ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ಸುತ್ತು ಬರಬೇಕು, ಅಷ್ಟೇ.

ನನ್ನ ಮಾತು: ಹೊಸದಾಗಿ 300ಕ್ಕೆ ಕೊಳ್ಳುವ ಬದಲು ಅದೇ ದುಡ್ಡಿಗೆ ಹಳೆಯದು ಒಳ್ಳೆಯದು ಹುಡುಕಿ. ನೀವು ಇರುವುದು ನಾರ್ತ್ ಕ್ಯಾರೊಲೈನಾದಲ್ಲಿ. ಬ್ಲೂಗ್ರಾಸ್ ಬ್ಯಾಂಜೊದ ದೊಡ್ಡ ವಾದಕ ಅರ್ಲ್ ಸ್ಕ್ರಗ್ಸ್ 1924ರಲ್ಲಿ ಹುಟ್ಟಿದ ರಾಜ್ಯ ಅದು. ಮೂಲೆಗೆ ಬಿದ್ದ ಬ್ಯಾಂಜೊ ನಿಮ್ಮಲ್ಲಿ ಸಿಗದೆ ನಮ್ಮ ಮಿನ್ನೆಸೊಟಾದಲ್ಲಿ ಸಿಗುತ್ತದಾ?

ಕ್ಯಾರಿ ಕಾಫಿ

ಅಯ್ಯೋ, ಇಷ್ಟೆಲ್ಲ ಇದೆಯಾ. ಎಲ್ಲರಿಗೂ ಥ್ಯಾಂಕ್ಸ್. ಆದರೆ ದೊಡ್ಡದು ಕೊಂಡರೆ ವಿಮಾನದಲ್ಲಿ ಏನು ಮಾಡಲಿ? ಅದಕ್ಕೇ ಅಲ್ವಾ ಚಿಕ್ಕದು ಅಂದಿದ್ದು.

ಐದನೇ ತಂತಿ

ಹೊರಗಿನಿಂದ ನೋಡಿದರೆ ಚಿಕ್ಕದಕ್ಕೆ ಬಹಳ ಲಾಭ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಕೈಚೀಲದ ಅಳತೆ ಸಾಮಾನ್ಯವಾಗಿ 55 ಸೆಂಟಿಮೀಟರ್ ಉದ್ದ. 22 ಇಂಚು ಕೂಡ ಇಲ್ಲ. ಐದು ತಂತಿಯ ಮಿನಿಯ ತಂತಿಯೇ 19 ಇಂಚು ದಾಟುತ್ತದೆ, ಮೇಲೆ ತಲೆ, ಕೆಳಗೆ ಹೊಟ್ಟೆಯ ಉಳಿದ ಭಾಗ. ಅಂದರೆ ಮಿನಿಯೂ ಅಳತೆ ಮೀರಿದ್ದೇ. ಸೊಪ್ರಾನೊ ಬ್ಯಾಂಜೊಲೆಲೆ ಮಾತ್ರ ಹತ್ತಿರಕ್ಕೆ ಬರುತ್ತದೆ. ಹೇಗಿದ್ದರೂ ವಾದ್ಯ ಅಂತ ಹೇಳಿಯೇ ಒಳಗೆ ಒಯ್ಯಬೇಕು.

ಅದಕ್ಕೆ ಅಮೆರಿಕದಲ್ಲಿ ನಿಯಮವೇ ಇದೆ. 2015ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಪಿಟೀಲು, ಗಿಟಾರಿನಂಥ ಚಿಕ್ಕ ವಾದ್ಯ ತಲೆ ಮೇಲಿನ ಗೂಡಿನಲ್ಲೋ ಸೀಟಿನ ಕೆಳಗೋ ಹಿಡಿಸಿದರೆ, ನೀವು ಹತ್ತುವ ಹೊತ್ತಿಗೆ ಜಾಗ ಇದ್ದರೆ, ಇಲ್ಲಿನ ವಿಮಾನ ಕಂಪನಿಗಳು ಅದನ್ನು ಕೈಸಾಮಾನು ಅಂತ ಬಿಡಬೇಕು. ವಾದ್ಯ ಅಂತ ಜಾಸ್ತಿ ದುಡ್ಡು ಕೇಳುವ ಹಾಗಿಲ್ಲ. "ಹತ್ತುವ ಹೊತ್ತಿಗೆ ಜಾಗ ಇದ್ದರೆ" ಅನ್ನುವುದೇ ಇಲ್ಲಿ ಗಂಟು. ಬೇಗ ಹತ್ತಿ. ಭಾರತದೊಳಗಿನ ವಿಮಾನಗಳಿಗೆ ಈ ನಿಯಮ ಇಲ್ಲ, ಅಲ್ಲಿ ಸಾಮಾನ್ಯವಾಗಿ 7 ಕೆಜಿ ಮಿತಿ, ಕೌಂಟರಿನವರ ಮನಸ್ಸು.

ಹಾಗಾಗಿ ಉದ್ದಕ್ಕಿಂತ ತೂಕ ನೋಡಿ. ಹಿಂದೆ ಮರದ ತಟ್ಟೆ ಇರುವ ರೆಸೊನೇಟರ್ ಬ್ಯಾಂಜೊ, ಒಳಗೆ ಲೋಹದ ಉಂಗುರ ಇದ್ದರೆ, ಐದು ಕೆಜಿ ಮುಟ್ಟುತ್ತದೆ. ಹಿಂದೆ ತೆರೆದಿರುವ ಓಪನ್-ಬ್ಯಾಕ್ ಹಗುರ. ಕ್ಯಾಲಿಫೋರ್ನಿಯಾದ ಡೀರಿಂಗ್‌ನವರ ಗುಡ್‌ಟೈಮ್ ಓಪನ್-ಬ್ಯಾಕ್ ಪೂರ್ತಿ ಉದ್ದದ್ದೇ, 11 ಇಂಚಿನ ಮೇಪಲ್ ಬಳೆ, ತೂಕ ಎರಡು ಕೆಜಿಗಿಂತ ಕಡಿಮೆ. ಹೊಸದು ನಿಮ್ಮ ಬಜೆಟ್ ಮೀರುತ್ತದೆ. ಹಳೆಯದು ಕಾದರೆ ಸಿಗುತ್ತದೆ. ಇದನ್ನೇ ಕೊಳ್ಳಿ ಅಂತಲ್ಲ, ಇಂಥದ್ದು ಅಂತ.

ಸದ್ದಿನ ವಿಷಯವೂ ಇದೆ. ಹೋಟೆಲ್ ರೂಮಿನಲ್ಲಿ ರೆಸೊನೇಟರ್ ಬಾರಿಸಿದರೆ ಪಕ್ಕದ ರೂಮಿನವರು ರಿಸೆಪ್ಶನ್‌ಗೆ ಫೋನ್ ಮಾಡುತ್ತಾರೆ. ಓಪನ್-ಬ್ಯಾಕ್ ಆದರೆ ಹಿಂದಿನಿಂದ ಒಂದು ಬನಿಯನ್ ಮಡಚಿ ಹೆಡ್‌ಗೂ ಒಳಗಿನ ಸರಳಿಗೂ ನಡುವೆ ತುರುಕಿ. ಸದ್ದು ಅರ್ಧ ಆಗುತ್ತದೆ. ಕುದುರೆಗೆ ಬಟ್ಟೆ ಕ್ಲಿಪ್ ಹಾಕಿದರೆ ಇನ್ನೂ ಕಡಿಮೆ. ಕ್ಲಾಹ್ಯಾಮರ್ ಶೈಲಿ (ತಂತಿಯನ್ನು ಉಗುರಿನ ಬೆನ್ನಿನಿಂದ ಕೆಳಕ್ಕೆ ಹೊಡೆಯುವುದು) ಕಲಿತರೆ ಉಗುರೇ ಸಾಕು, ಲೋಹದ ಪಿಕ್ ಬೇಡ. ಹೋಟೆಲಿಗೆ ಅದೇ ಚೆಂದ.

ಸೂಟ್‌ಕೇಸ್ ಸಂಗೀತ

ತೂಕದ ಮಾತು ಒಪ್ಪುತ್ತೇನೆ. ಆದರೂ ಬಸ್ಸಿನಲ್ಲಿ, ರೈಲಿನಲ್ಲಿ, ಚಿಕ್ಕ ಕಾರಿನಲ್ಲಿ ಮೂರಡಿಗೂ ಎರಡೂವರೆ ಅಡಿಗೂ ಬಹಳ ವ್ಯತ್ಯಾಸ ಇದೆ. ಮಡಿಲಲ್ಲಿ ಇಟ್ಟುಕೊಂಡು ಕೂತವರಿಗೆ ಗೊತ್ತು. ನನ್ನ ಮಿನಿಯನ್ನು ನಾನು ಬಿಟ್ಟುಕೊಡಲ್ಲ.

ಕುಂದಾಪ್ರ ಕಡೆಯವ

ಕುತ್ತಿಗೆ ಬಿಚ್ಚಿ ಸೂಟ್‌ಕೇಸಿನಲ್ಲಿ ಇಡಬಹುದಲ್ಲ? ಯಾರೋ ಹಾಗೆ ಮಾಡಿದ್ದು ನೋಡಿದ್ದೆ.

ಮರಗೆಲಸ

ಆಗುತ್ತದೆ, ಒಳಗೆ ಒಂದೆರಡು ಬೋಲ್ಟ್ ಅಷ್ಟೇ. ಆದರೆ ಪ್ರತಿ ಸಲ ತಂತಿ ಪೂರ್ತಿ ಸಡಿಲಿಸಿ, ಬಿಚ್ಚಿ, ಕೂರಿಸಿ, ಕುತ್ತಿಗೆಯ ಕೋನ ಸರಿಮಾಡಬೇಕು. ಹೊಸಬರಿಗೆ ಬೇಡ. ತಿಂಗಳಿಗೆ ಎರಡು ಸಲ ಅಂತೂ ಬೇಡವೇ ಬೇಡ.

ಕುಂದಾಪ್ರ ಕಡೆಯವ

ಸರಿ. ಊರಿಗೆ ಒಯ್ಯುವವರಿಗೆ ನನ್ನದೊಂದು ಮಾತು. ಹಳೆಯ ಬ್ಯಾಂಜೊ ಕೊಳ್ಳುವಾಗ ಚರ್ಮದ ಹೆಡ್ ಇರುವುದು ನೋಡಲು ಚೆಂದ ಅಂತ ಮರುಳಾಗಬೇಡಿ. ನಮ್ಮಲ್ಲಿ ಯಕ್ಷಗಾನದ ಮದ್ದಳೆಯವರನ್ನು ಕೇಳಿ, ಮಳೆಗಾಲದಲ್ಲಿ ತೊಗಲು ಏನು ಆಟ ಆಡಿಸುತ್ತದೆ ಅಂತ. ತೇವ ಹೀರಿ ಇಳಿಯುತ್ತದೆ, ಎಸಿ ರೂಮಿಗೆ ಹೋದರೆ ಬಿಗಿಯುತ್ತದೆ. ಪ್ಲಾಸ್ಟಿಕ್ ಹೆಡ್ ಸಾಕು. ಕರಾವಳಿಯಲ್ಲಿ ತಂತಿಯೂ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ ಇಡಿ. ಚಿಕ್ಕಮಗಳೂರಿನ ಜುಲೈ ಏನು ಕಡಿಮೆ ಅಲ್ಲ.

ಐದನೇ ತಂತಿ

ಒಳ್ಳೆಯ ಮಾತು. ಇನ್ನೊಂದು ಸೇರಿಸುತ್ತೇನೆ. ಬ್ಯಾಂಜೊದ ಕುದುರೆಯನ್ನು ಅಂಟಿಸಿರುವುದಿಲ್ಲ. ತಂತಿಯ ಒತ್ತಡದಲ್ಲೇ ನಿಂತಿರುತ್ತದೆ. ಪ್ರಯಾಣದಲ್ಲಿ ಜರುಗಿದರೆ ಎಲ್ಲ ಸ್ವರವೂ ತಪ್ಪು. ಹೊರಡುವ ಮೊದಲು ಕುದುರೆ ಕಾಲಿನ ಸುತ್ತ ಪೆನ್ಸಿಲಿನಲ್ಲಿ ಗುರುತು ಹಾಕಿ. ಗುರುತು ಅಳಿಸಿಹೋದರೆ 12ನೇ ಮೆಟ್ಟಿಗೆ ಅಳತೆ ಹಿಡಿಯಿರಿ. ನಟ್‌ನಿಂದ 12ಕ್ಕೆ ಎಷ್ಟೋ 12ರಿಂದ ಕುದುರೆಗೂ ಅಷ್ಟೇ. ಆಮೇಲೆ ಕಿವಿಯಿಂದ ಕೂದಲೆಳೆಯಷ್ಟು ಆಚೀಚೆ. ತಂತಿಯನ್ನು ಪೂರ್ತಿ ಸಡಿಲ ಬಿಡಬೇಡಿ, ಒಂದೆರಡು ಸುತ್ತು ಸಾಕು.

ಸುಮ್ನೆ ಓದುವವ

ಏನು ಕೊಂಡ್ರಿ ಕೊನೆಗೆ? ನಾನೂ ಕಾಯ್ತಾ ಇದೀನಿ.

ಕ್ಯಾರಿ ಕಾಫಿ (ಏಳು ವಾರದ ನಂತರ)

ತಡವಾಯಿತು, ಕ್ಷಮಿಸಿ. ಒಂದು ಅಂಗಡಿಯಲ್ಲಿ ಮಿನಿ, ಬ್ಯಾಂಜೊಲೆಲೆ ಎರಡನ್ನೂ ಹಿಡಿದು ನೋಡಿದೆ. ಮಿನಿಯ ಮೇಲೆ ಮನಸ್ಸಾಗಿತ್ತು, ಸುಳ್ಳು ಹೇಳುವುದಿಲ್ಲ. ಅಂಗಡಿಯವರು ಅದನ್ನು ಜಿಯಲ್ಲಿ ಇಟ್ಟಿದ್ದರು. ಮೀಟಿದೆ. "ಬಟ್ಟೆ ಹಗ್ಗ" ನೆನಪಾಯಿತು. ನಗು ಬಂತು.

ಆಮೇಲೆ ಒಂದು ತಿಂಗಳು ಕಾದೆ. ಬರ್ಲಿಂಗ್ಟನ್ ಕಡೆ ಒಬ್ಬರು ಅಜ್ಜಿ ತಮ್ಮ ಗಂಡನ ಓಪನ್-ಬ್ಯಾಕ್ ಮಾರುತ್ತಿದ್ದರು. ಪೂರ್ತಿ ಉದ್ದದ್ದು. ಐದನೇ ಬಿರಡೆ ಗೇರಿನದು, ಮೊದಲು ಅದನ್ನೇ ನೋಡಿದೆ. ಕುತ್ತಿಗೆ ನೇರ. ಹೆಡ್ ಸಡಿಲ ಇತ್ತು, 280 ಡಾಲರಿಗೆ ಕೊಟ್ಟರು. ಭಾನುವಾರ ಕೂತು ಕೊಕ್ಕೆ ಬಿಗಿದೆ. ಮರಗೆಲಸದವರು ಅರ್ಧ ಗಂಟೆ ಅಂದಿದ್ದರು. ನನಗೆ ಎರಡೂವರೆ ಗಂಟೆ ಹಿಡಿಯಿತು.

ಈಗ ಊರಿನಲ್ಲಿದ್ದೇನೆ. ರಾಲಿಯಿಂದ ಬೆಂಗಳೂರಿನವರೆಗೆ ತಲೆ ಮೇಲಿನ ಗೂಡಿನಲ್ಲೇ ಬಂತು, ಯಾರೂ ಏನೂ ಕೇಳಲಿಲ್ಲ. ಬೆಂಗಳೂರಿನಿಂದ ಬಸ್ಸಿನಲ್ಲಿ ಮಾತ್ರ ಸೂಟ್‌ಕೇಸ್ ಸಂಗೀತದವರ ಶಾಪ ತಟ್ಟಿತು. ಐದು ಗಂಟೆ ಮೊಣಕಾಲ ನಡುವೆ ಹಿಡಿದು ಕೂತಿದ್ದೆ. ಅಮ್ಮ ಕೇಳಿ "ತಗಡಿನ ಡಬ್ಬಕ್ಕೆ ವೀಣೆ ಮದುವೆ ಆದ ಹಾಗಿದೆ" ಅಂದರು. ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ.

ಒಂದು ತುರ್ತು ಪ್ರಶ್ನೆ. ನಿನ್ನೆ ಐದನೇ ತಂತಿ ಪಟ್ ಅಂತ ಹೋಯಿತು. ಹೆಚ್ಚಿನ ತಂತಿ ತರಲು ಮರೆತಿದ್ದೇನೆ. ಇಲ್ಲಿನ ಅಂಗಡಿಯಲ್ಲಿ ಬರೀ ಗಿಟಾರಿನದು ಇದೆ. ಅದರ ತುದಿಯಲ್ಲಿ ಗುಂಡು, ನನ್ನದಕ್ಕೆ ಕುಣಿಕೆ ಬೇಕು. ಏನು ಮಾಡಲಿ?

ಮರಗೆಲಸ

ಎಲೆಕ್ಟ್ರಿಕ್ ಗಿಟಾರಿನ ಒಂದನೇ ತಂತಿ ತಗೊಳ್ಳಿ, 10ರದ್ದು. ನಿಮ್ಮ ಐದನೆಯದಕ್ಕೆ ಅದೇ ದಪ್ಪ ನಡೆಯುತ್ತದೆ. ಆ ಗುಂಡನ್ನು ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಒತ್ತಿ. ಒಡೆದು ಉದುರುತ್ತದೆ, ಕುಣಿಕೆ ಹಾಗೇ ಉಳಿಯುತ್ತದೆ. ತಂತಿಗೆ ಗಾಯ ಮಾಡಬೇಡಿ. ಕಣ್ಣು ಜೋಪಾನ.

ಕ್ಯಾರಿ ಕಾಫಿ

ಆಯಿತು! ಮೂವತ್ತು ರೂಪಾಯಿ ಆಯಿತು, ಹಿಡಿದು ನಿಂತಿದೆ. ಗುಂಡಿನ ಅರ್ಧ ಅಮ್ಮನ ಅಕ್ಕಿ ಮೊರದೊಳಗೆ ಹಾರಿದೆ. ಈಗ ಇಬ್ಬರೂ ಕೂತು ಹುಡುಕುತ್ತಿದ್ದೇವೆ.

ಹುಬ್ಬಳ್ಳಿ ಹುಡುಗ

ಅಣ್ಣಾ, ಸಿಕ್ಕ ಮೇಲೆ ಒಂದು ಆಡಿಯೊ ಹಾಕಿ. ನಮ್ಮ ಪಾರ್ಟಿಯವರಿಗೆ ಕೇಳಿಸಬೇಕು.